ಗವ್ರೀಲನ ಅಂಗಾಲು

ಬೆಳಗಿನ ಏಳೂವರೆಗೆ ಗವ್ರೀಲ ಬಾಗಿಲ ಬಳಿ ಬಗ್ಗಿ ಬೂಟಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಅರ್ಧ ಬೂಟು. ಇನ್ನೊಂದನ್ನು ತಡಕಿದ, ಅದೂ ಅರ್ಧ. ನಿನ್ನೆ ಸಂಜೆಯವರೆಗೆ ಮೊಣಕಾಲು ಮುಟ್ಟುತ್ತಿದ್ದ ಅವನ ಬೂದು ಉಣ್ಣೆಬೂಟುಗಳು ಈಗ ಕಿವಿ ಕತ್ತರಿಸಿಕೊಂಡ ನಾಯಿಮರಿಗಳ ಹಾಗೆ ಮೊಟಕಾಗಿ ಕೂತಿದ್ದವು. ಹೊರಗೆ ಮೈನಸ್ ನಲವತ್ತೆಂಟು.

ಅಡುಗೆಮನೆಯಲ್ಲಿ ಹೆಂಡತಿಯ ತಾಯಿ, ಅತ್ತೆ ಅಕುಲೀನಾ ದಬ್ಬಣ ಹಿಡಿದು ಮೊಮ್ಮಗಳ ಪುಟ್ಟ ಬೂಟಿಗೆ ಅಟ್ಟೆ ಹೊಲಿಯುತ್ತಿದ್ದಳು.

"ಅತ್ತೆ, ನನ್ನ ಬೂಟಿನ ಮೇಲರ್ಧ ಎಲ್ಲಿ?"

"ಇಲ್ಲಿದೆ ನೋಡು," ಎಂದು ಅವಳು ಮೊಮ್ಮಗಳ ಬೂಟನ್ನು ಬೋರಲು ಹಾಕಿ ತೋರಿಸಿದಳು. "ಒಳ್ಳೇ ಉಣ್ಣೆ ಕಣೋ. ಎರಡು ಅಟ್ಟೆ ಬಂತು, ಇನ್ನೂ ಮಿಕ್ಕಿದೆ."

"ಅದು ನಾನು ದಿನಾ ಕೆಲಸಕ್ಕೆ ಹಾಕ್ಕೊಂಡು ಹೋಗೋ ಬೂಟು."

"ಹದಿನೈದು ದಿನದಿಂದ ಹಳೇದಾಯ್ತು, ಹಳೇದಾಯ್ತು ಅಂತ ಬಡ್ಕೊಂಡಿದ್ದು ಯಾರು? ಹಳೇ ಬೂಟಿನ ಮೇಲ್ಭಾಗ ಕತ್ತರಿಸಿ ಇನ್ನೊಂದು ಬೂಟಿಗೆ ಅಟ್ಟೆ ಹಾಕೋದು ನಮ್ಮಜ್ಜಿ ಕಾಲದಿಂದ ನಡ್ಕೊಂಡು ಬಂದಿದೆ. ನಿಮ್ಮನೇಲಿ ಹಳೇ ಬೂಟನ್ನ ಗೋಡೆಗೆ ನೇತುಹಾಕ್ತಿದ್ರೋ ಏನೋ, ನನಗೇನು ಗೊತ್ತು."

ಗವ್ರೀಲನ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡದವನು ಅಂದು ಮೇಜು ಗುದ್ದಿ, ಚಹಾ ಚೆಲ್ಲಿ, "ಬೂಟಲ್ಲ ಕತ್ತರಿಸಿದ್ದು, ನನ್ನ ಬೆರಳು ಕತ್ತರಿಸಿದ್ರಿ. ಈ ಮನೇಲಿ ನನ್ನ ಕಾಲಿಗೆ ಕಿಮ್ಮತ್ತಿಲ್ಲ," ಎಂದು ಕೂಗಾಡಿದ. ಅಕುಲೀನಾ ದಬ್ಬಣವನ್ನು ಕೂದಲಿಗೆ ಸವರಿಕೊಂಡು ಕಿಟಕಿಯ ಕಡೆ ತಿರುಗಿದಳು. ಅದನ್ನು ಕಂಡು ಅವನಿಗೆ ಇನ್ನೂ ಕೋಪ ಬಂತು.

ಬೆರಳಿನ ಮಾತು ಸುಮ್ಮನೆ ಬಂದದ್ದಲ್ಲ. ನವೆಂಬರಿನಲ್ಲಿ ಅವನ ಬಲಗಾಲಿನ ಕಿರುಬೆರಳು ಕಪ್ಪಾಗಿತ್ತು. ಹಡಗುಕಟ್ಟೆಯ ದವಾಖಾನೆಯ ನರ್ಸು ಅದನ್ನು ಸೂಜಿಯಿಂದ ಚುಚ್ಚಿ, "ಈ ಸಲ ಉಳೀತು. ಇನ್ನೊಂದು ಸಲ ಹೆಪ್ಪುಗಟ್ಟಿದ್ರೆ ನನ್ನ ಹತ್ರ ಬರಬೇಡ, ಕತ್ತರಿಸೋರ ಹತ್ರ ಹೋಗು," ಎಂದಿದ್ದಳು. ಹಳೆಯ ಬೂಟಿನ ಅಟ್ಟೆ ಸವೆದು ರೊಟ್ಟಿಯಷ್ಟು ತೆಳ್ಳಗಾಗಿತ್ತು. ಭಾನುವಾರ ಹೊಸದು ಕೊಳ್ಳುವುದೆಂದು ಅವನು ಯೋಚಿಸಿದ್ದ. ಅತ್ತೆ ಗುರುವಾರವೇ ಕತ್ತರಿ ಆಡಿಸಿಬಿಟ್ಟಿದ್ದಳು.

ಗವ್ರೀಲನ ಕೆಲಸವೇ ನಿಂತು ಮಾಡುವ ಕೆಲಸ, ಅದೂ ಮಂಜುಗಡ್ಡೆಯ ಮೇಲೆ. ಚಳಿಗಾಲಕ್ಕೆ ನದಿಯಲ್ಲಿ ಹೂತುಹೋದ ಹಡಗುಗಳ ತಳ ದುರಸ್ತಿಯಾಗಬೇಕಾದರೆ ಸುತ್ತಲಿನ ಮಂಜನ್ನು ಹಾರೆಯಿಂದ ಒಂದೊಂದೇ ಪದರ ಕಡಿದು ಗುಂಡಿ ಮಾಡಬೇಕು. ಒಂದು ಪದರ ತೆಗೆದು ನಾಲ್ಕು ದಿನ ಬಿಟ್ಟರೆ ಅಡಿಯ ನೀರು ಇನ್ನಷ್ಟು ಹೆಪ್ಪುಗಟ್ಟುತ್ತದೆ. ಆಮೇಲೆ ಇನ್ನೊಂದು ಪದರ. ಹೀಗೆ ಒಂದೂವರೆ ತಿಂಗಳು ಮೈಮುರಿದರೆ ಹಡಗನ್ನು ನೂಕುವ ಹಿಂದಿನ ಪಂಖ ಗಾಳಿಗೆ ತೆರೆದುಕೊಳ್ಳುತ್ತದೆ. ಅವಸರಪಟ್ಟು ಒಂದು ಏಟು ಜಾಸ್ತಿ ಹಾಕಿದರೆ ನದಿ ಗುಂಡಿಗೆ ನುಗ್ಗಿ ಒಂದೂವರೆ ತಿಂಗಳನ್ನು ನುಂಗುತ್ತದೆ.

ಪಂಖದ ಅಡಿ ಮಂಜು ಎಲ್ಲಕ್ಕಿಂತ ತೆಳು. ಅಲ್ಲಿ ನಿಲ್ಲುವವನು ಗವ್ರೀಲ. ಮಂಜು ತೆಳುವಾದಂತೆ ಕೆಳಗಿನ ನೀರಿನ ಬಿಸುಪು ಮೇಲಕ್ಕೆ ಬರುತ್ತದೆ. ಅಂಗಾಲು ಬೆಚ್ಚಗಾಯಿತೆಂದರೆ ಹಾರೆ ಕೆಳಗಿಡಬೇಕು. ಇದನ್ನು ಗವ್ರೀಲನಷ್ಟು ಬೇಗ ಹಿಡಿಯುವವರು ಆ ಕಟ್ಟೆಯಲ್ಲೇ ಇರಲಿಲ್ಲ. "ಮಂಜು ಕೊರೆದು ಅಳೆಯೋ ನನ್ನ ಬೈರಿಗೆ ಸುಳ್ಳು ಹೇಳಬಹುದು, ಗವ್ರೀಲನ ಅಂಗಾಲು ಹೇಳಲ್ಲ," ಎಂದು ಮೇಸ್ತ್ರಿ ಜಖಾರ್ ಎಲ್ಲರ ಮುಂದೆ ಹೇಳುತ್ತಿದ್ದ. ಗುಂಡಿಯ ತಳದಲ್ಲಿ ಗಾಳಿಯಿಲ್ಲ, ಮರ್ಯಾದೆಯಿದೆ. ಹಡಗಿನ ಮೇಲೆ ಹಿಮ ಗುಡಿಸುವವರಿಗೆ ಎರಡೂ ಉಲ್ಟಾ. ಹೋದ ವರ್ಷ ಮೇಲೆ ಗುಡಿಸಿದ ನ್ಯುರ್ಗುನನ ಮೂಗಿನ ತುದಿ ಗಾಳಿಗೆ ಸುಟ್ಟು, ಇವತ್ತಿಗೂ ಬೇಯಿಸಿದ ಬೀಟ್‌ರೂಟಿನ ಬಣ್ಣದಲ್ಲಿದೆ.

ಗವ್ರೀಲ ಮೇಸ್ತ್ರಿಗೆ ಫೋನು ಮಾಡಿದ.

"ಹನ್ನೊಂದಕ್ಕೆ ಗುಂಡೀಲಿರಬೇಕು," ಎಂದ ಜಖಾರ್. "ಪಂಖದ ಕೆಳಗೆ ಇವತ್ತು ಕೊನೇ ಪದರ. ಬೂಟು ತಗೋತೀಯೋ, ಕುದುರೆ ತಗೋತೀಯೋ, ಅದೆಲ್ಲ ನನಗೆ ಬೇಡ."

ಅಂಗಡಿಗೆ ಹೋಗುವುದಕ್ಕೂ ಬೂಟು ಬೇಕಲ್ಲ. ಅರ್ಧ ಬೂಟು ಮೆಟ್ಟಿಕೊಂಡು ಮೆಟ್ಟಿಲಿಳಿಯುತ್ತಿದ್ದವನಿಗೆ ಕೆಳಮನೆಯ ಯೆಫ್ರೇಮ ಎದುರಾದ. ನಲವತ್ತು ವರ್ಷ ಹಡಗಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ನಿವೃತ್ತನಾದ ಮನುಷ್ಯ. ಅದಕ್ಕೇ ಇರಬೇಕು, ಆ ಕಟ್ಟಡದಲ್ಲಿ ಚಳಿಯ ಬಗ್ಗೆ ಅವನಷ್ಟು ತಿಳಿದವರು ಬೇರೆ ಯಾರೂ ಇರಲಿಲ್ಲ.

"ಇದೇನೋ ಗವ್ರೀಲಾ, ಬೂಟಿಗೆ ಕ್ಷೌರ ಮಾಡಿಸಿದ್ದೀಯಾ?"

"ಯೆಫ್ರೇಮಣ್ಣ, ಬೆಳಗಾಗೆದ್ದು ನನ್ನ ಬಾಯಿಗೆ ಬೀಳಬೇಡಿ."

"ಉಣ್ಣೆಬೂಟು ನಮ್ಮಜ್ಜನ ಕಾಲಕ್ಕೇ ಮುಗೀತು. ತಡಿ, ನನ್ನ ಮಗ ಕಳಿಸಿದ್ದು ಒಂದು ಜೊತೆ ಇದೆ. ಫಾರಿನ್ನಿಂದು. ಮೈನಸ್ ಅರವತ್ತಕ್ಕೂ ತಡೆಯುತ್ತೆ ಅಂತ ಡಬ್ಬಿ ಮೇಲೆ ಬರೆದಿದೆ."

"ಹಾಕ್ಕೊಂಡು ನೋಡಿದೀರಾ?"

"ನಾನ್ಯಾಕೆ ಹಾಕ್ಲಿ? ಡಬ್ಬಿ ಮೇಲೇ ಬರೆದಿದೆಯಲ್ಲ."

ಬೂಟುಗಳು ಕಪ್ಪಗೆ ಹೊಳೆಯುತ್ತಿದ್ದವು, ಒಳಗೆ ಬಿಳಿ ತುಪ್ಪಳವಿತ್ತು. ಬೇರೆ ಗತಿಯಿಲ್ಲದೆ ಗವ್ರೀಲ ಅವನ್ನು ಹಾಕಿಕೊಂಡು, ಅರ್ಧ ಬೂಟುಗಳನ್ನು ವಾಪಸ್ ಮನೆ ಬಾಗಿಲಲ್ಲಿಟ್ಟು ಬಂದ. ಬಸ್ ನಿಲ್ದಾಣದವರೆಗೆ ಯೆಫ್ರೇಮನೂ ಜೊತೆಗೆ ಬಂದ, ತನ್ನ ಬೂಟಿನ ಮೇಲೆ ಕಣ್ಣಿಡುವುದಕ್ಕೆ. ದಾರಿಯುದ್ದಕ್ಕೂ, "ಹಿಮ್ಮಡಿ ಊರಬೇಡ, ಕಾಲು ಎಳೀಬೇಡ, ಗೀರು ಬೀಳುತ್ತೆ," ಎನ್ನುತ್ತಿದ್ದ. ಬಸ್ಸು ಬರಲು ಹನ್ನೆರಡು ನಿಮಿಷ ಹಿಡಿಯಿತು. ಆ ಹನ್ನೆರಡು ನಿಮಿಷದಲ್ಲಿ ಅಟ್ಟೆ ಕಲ್ಲಾಯಿತು. ಗವ್ರೀಲ ಬಸ್ಸಿನ ಮೆಟ್ಟಿಲ ಮೇಲೆ ಬಲಗಾಲಿಟ್ಟು ಮೈಭಾರ ಹಾಕಿದ್ದೇ ತಡ, ಅದು ಬಿಸ್ಕತ್ತಿನಂತೆ ಲಟ್ಟನೆ ಎರಡು ತುಂಡಾಯಿತು. ಒಂದು ತುಂಡು ಬಸ್ಸಿನೊಳಗೆ ಬಂತು, ಇನ್ನೊಂದು ಯೆಫ್ರೇಮನ ಕಾಲ ಬಳಿ ಉಳಿಯಿತು.

"ನನ್ನ ಮಗ ಕಳಿಸಿದ್ದು," ಎಂದು ಅವನು ಬಸ್ಸಿನ ಹಿಂದೆ ಓಡುತ್ತ ಅರಚಿದ. "ಒಂದು ಗೀರೂ ಬಿದ್ದಿರಲಿಲ್ಲ."

"ಡಬ್ಬಿಗೆ ಹೇಳಿ," ಎಂದು ಗವ್ರೀಲ ಒಳಗಿನಿಂದ ಅರಚಿದ. ಕಂಡಕ್ಟರಮ್ಮ ಅವನ ಬಲಗಾಲಿಗೆ ಒಂದು ಬ್ರೆಡ್ಡಿನ ಚೀಲ ಕಟ್ಟಿಕೊಟ್ಟು, ಇಂಥ ಬೂಟು ಹಾಕುವವರನ್ನು ಬಸ್ಸಿಗೆ ಹತ್ತಿಸಬಾರದು ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಹಿಂದಿನ ಸೀಟಿನ ಮುದುಕನೊಬ್ಬ, ಬೂಟಿನೊಳಗೆ ಒಣಹುಲ್ಲು ತುಂಬಿಕೋ ಎಂದ. ಪಕ್ಕದವನು ಹುಲ್ಲಲ್ಲ, ಪತ್ರಿಕೆ ಎಂದ. ಮಾರುಕಟ್ಟೆ ಬರುವಷ್ಟರಲ್ಲಿ ಹುಲ್ಲಿನ ಪಕ್ಷ, ಪತ್ರಿಕೆಯ ಪಕ್ಷ ಅಂತ ಬಸ್ಸೇ ಎರಡು ಭಾಗವಾಗಿತ್ತು. ಗವ್ರೀಲನ ಕಾಲು ಹೇಗಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಬೂಟಿನ ಅಂಗಡಿಯವನು ಗಾಜಿನ ಕೋಣೆಯಲ್ಲಿ ಎರಡು ಹೀಟರುಗಳ ನಡುವೆ ಬರೀ ಚಪ್ಪಲಿಯಲ್ಲಿ ಕೂತಿದ್ದ. ಸುತ್ತ ಗೋಡೆಯ ತುಂಬ ಉಣ್ಣೆಬೂಟುಗಳು, ಒಂದರ ಮೇಲೆ ಹೂವು, ಇನ್ನೊಂದರ ಮೇಲೆ ಮಣಿ. ಗವ್ರೀಲ ಒಂದನ್ನು ಹಿಡಿದು ಬಗ್ಗಿಸಿದ. ಅದು ಕಾಲುಚೀಲದ ಹಾಗೆ ಮಡಚಿಕೊಂಡಿತು.

"ಇದರಲ್ಲಿ ಎಂಟು ಗಂಟೆ ನಿಲ್ಲಕ್ಕಾಗುತ್ತೇನ್ರೀ?"

"ಎಂಟು ಗಂಟೆ ಯಾಕೆ ನಿಲ್ತೀರಾ? ಫೋಟೋ ತೆಗೆಸ್ಕೊಳ್ಳೋಕೆ ಐದು ನಿಮಿಷ ಸಾಕು," ಎಂದ ಅಂಗಡಿಯವನು. ಅವನಿಗೆ ಬೈಯುವುದಕ್ಕೆ ಗವ್ರೀಲನಿಗೆ ಎಷ್ಟೋ ಮಾತು ಹೊಳೆದವು. ಅಷ್ಟರಲ್ಲಿ ಬ್ರೆಡ್ಡಿನ ಚೀಲದೊಳಗೆ ಬೆರಳು ಜುಮುಗುಟ್ಟಲು ಶುರುವಾಯಿತು. ಬಾಗಿಲು ಬಡಿದು ಹೊರಬಂದ.

ಹೊರಗೆ ಮೀನಿನ ಸಾಲು. ಹೆಪ್ಪುಗಟ್ಟಿ ಸೌದೆಯ ಹಾಗೆ ನೆಟ್ಟಗೆ ನಿಂತ ಮೀನುಗಳ ಹಿಂದೆ ದೋಮ್ನಾ ಎಂಬ ಹೆಂಗಸು ಬೆಳಗಿನ ಆರರಿಂದ ನಿಂತಿದ್ದಳು. ರೆಪ್ಪೆಯ ಮೇಲೆಲ್ಲ ಹಿಮ, ಆದರೂ ಹಾಡು ಗುನುಗುತ್ತಿದ್ದಳು. ಗವ್ರೀಲ ಮೀನು ನೋಡಲಿಲ್ಲ, ಅವಳ ಕಾಲು ನೋಡಿದ. ಆನೆಯ ಕಾಲಿನಂಥ ಕಪ್ಪು ಉಣ್ಣೆಬೂಟು, ಎರಡು ಬೆರಳು ದಪ್ಪದ ಅಟ್ಟೆ.

"ಅಕ್ಕ, ನಿಮ್ಮ ಬೂಟು ಕೊಡ್ತೀರಾ?"

"ಮೀನು ಕೇಳು, ಕೊಡ್ತೀನಿ. ಬೂಟು ಕೇಳೋ ಗಂಡಸಿಗೆ ಈ ಕತ್ತಿ ಕೊಡ್ತೀನಿ."

ಅವನು ಚೀಲ ಕಟ್ಟಿದ ಕಾಲನ್ನು ಎತ್ತಿ ತೋರಿಸಿದ. ದೋಮ್ನಾ ಕತ್ತಿ ಕೆಳಗಿಟ್ಟಳು. "ನಿಂತು ಮಾಡೋ ಕೆಲಸಾನೋ, ನಡೆದು ಮಾಡೋದೋ?" ಎಂದು ಕೇಳಿದಳು. ಬೆಳಗಿನಿಂದ ಅವನ ಕಿವಿಗೆ ಬಿದ್ದ ಮೊದಲ ತಿಳಿವಳಿಕೆಯ ಪ್ರಶ್ನೆ ಅದು.

"ನಿಂತು. ಮಂಜಿನ ಮೇಲೆ."

"ನಡೆಯೋನಿಗೆ ಹಿಮಸಾರಂಗದ ತೊಗಲು, ನಿಲ್ಲೋನಿಗೆ ಉಣ್ಣೆ. ಅಳತೆಗಿಂತ ಎರಡು ನಂಬರು ದೊಡ್ಡದಿರಬೇಕು. ಬಿಗಿ ಬೂಟಲ್ಲಿ ಬಿಸಿಗೆ ಕೂರೋಕೆ ಜಾಗ ಇರಲ್ಲ. ಅಟ್ಟೆ ಮೇಲೆ ಕುದುರೆಕೂದಲಿನ ಹಾಸು. ಇಷ್ಟಿದ್ರೆ ನೀನು ಮಂಜಿನ ಮೇಲೆ ನಿಂತಿದ್ದೀಯೋ, ಒಲೆ ಮೇಲೆ ನಿಂತಿದ್ದೀಯೋ, ನಿನ್ನ ಅಂಗಾಲಿಗೆ ಗೊತ್ತಾಗಲ್ಲ."

ಅವಳು ಮೀನಿನ ಪೆಟ್ಟಿಗೆಯ ಅಡಿಯಿಂದ ಅಂಥದೇ ಕಪ್ಪು ಬೂಟಿನ ಹೊಸ ಜೊತೆಯೊಂದನ್ನು ಎಳೆದಳು. ಹಳ್ಳಿಯಲ್ಲಿ ತಂಗಿ ಮಾಡಿದ್ದು, ಗಂಡನಿಗೆಂದು ಇಟ್ಟದ್ದು. ಗಂಡ ನಿನ್ನೆ ಜಗಳಾಡಿದ್ದರಿಂದ ಅವನಿಗೆ ಕೊಡುವ ಮನಸ್ಸಿರಲಿಲ್ಲ. ಲೋಕದಲ್ಲಿ ತನಗಿಂತ ಸಿಟ್ಟಾದವರು ಇನ್ನೊಬ್ಬರಿದ್ದಾರೆ ಎಂಬುದು ಗವ್ರೀಲನಿಗೆ ಅಂದು ಸಿಕ್ಕ ಒಂದೇ ಸಮಾಧಾನ. ಕೇಳಿದಷ್ಟು ಕೊಟ್ಟು ಕಾಲು ತೂರಿಸಿದ. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಕಿರುಬೆರಳು ಬೆಚ್ಚಗಾಗಿ ತನ್ನ ಇರವನ್ನೇ ಮರೆಸಿಬಿಟ್ಟಿತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಅವನು ಗುಂಡಿಗೆ ಇಳಿದ. ಏಣಿಯ ಬಳಿ ನ್ಯುರ್ಗುನ್ ಬೀಟ್‌ರೂಟು ಮೂಗನ್ನು ಉಜ್ಜುತ್ತ, "ಗವ್ರೀಲಣ್ಣ, ಒಳಗೆ ಕಾಲೂ ಇದೆಯೋ, ಬರೀ ಬೂಟೇ ಕೆಲಸಕ್ಕೆ ಬಂದಿದೆಯೋ?" ಎಂದ. ಗವ್ರೀಲ ಪಂಖದ ಅಡಿಗೆ ಹೋಗಿ ಹಾರೆ ಹಿಡಿದ.

ಅರ್ಧ ಗಂಟೆಯಾಗಿರಬೇಕು. ಅಂಗಾಲು ಬೆಚ್ಚಗಾಯಿತು. ಹನ್ನೊಂದು ಚಳಿಗಾಲದ ಅಭ್ಯಾಸ ಯೋಚನೆ ಮಾಡುವುದಕ್ಕೆ ಬಿಡಲಿಲ್ಲ. "ನೀರು, ಮೇಲಕ್ಕೆ ಹೋಗಿ," ಎಂದು ಕೂಗಿ ಹಾರೆ ಎಸೆದ. ಎಂಟು ಜನ ಒಂದೇ ಏಣಿಗೆ ಮುಗಿಬಿದ್ದರು. ಒಬ್ಬನ ಟೋಪಿ ಇನ್ನೊಬ್ಬನ ಕಾಲಡಿ, ಒಬ್ಬನ ಮೊಣಕೈ ಇನ್ನೊಬ್ಬನ ಹಲ್ಲಿಗೆ. ಎಲ್ಲರೂ ಮೇಲೆ ಸೇರಿ ಏದುಸಿರು ಬಿಡುತ್ತ ಕೆಳಗೆ ನೋಡಿದರು. ಗುಂಡಿ ಒಣಗಿ ಬಿಳುಚಿಕೊಂಡು ಹಾಗೇ ಇತ್ತು.

ಜಖಾರ್ ಬೈರಿಗೆ ತೆಗೆದುಕೊಂಡು ಇಳಿದು ಕೊರೆದು ಅಳೆದ. ಒಂದೂವರೆ ಗೇಣು ಗಟ್ಟಿ ಮಂಜು. ಮೇಲೆ ಬಂದು ಗವ್ರೀಲನ ಬೂಟಿನ ಅಟ್ಟೆಯನ್ನು ಬೆರಳಲ್ಲಿ ಅಮುಕಿ ನೋಡಿದ.

"ಇದು ನದಿ ಬಿಸಿಯಲ್ಲ ಕಣೋ, ದೊಡ್ಡ ಮನುಷ್ಯ. ನಿನ್ನ ಬೂಟಿನ ಬಿಸಿ."

ನಕ್ಕರು. ನಗಲಿ, ಒಂದು ಸಲ ನಕ್ಕು ಬಿಟ್ಟಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಮಧ್ಯಾಹ್ನ ಕೆಲಸಗಾರರು ಮೈ ಕಾಯಿಸಿಕೊಳ್ಳುವ ಗಾಡಿಮನೆಯಲ್ಲಿ ಒಲೆ ಸುತ್ತ ಕೂತು ಕುದುರೆಮಾಂಸದ ಸಾರು ಕುಡಿಯುವಾಗಲೂ ಅದೇ. "ಗವ್ರೀಲಣ್ಣ, ಸಾರು ಆರಿದೆ, ಸ್ವಲ್ಪ ಬೂಟೊಳಗಿಟ್ಟು ಕೊಡಿ." "ನೀರು, ನೀರು, ಮೇಲಕ್ಕೆ ಹೋಗಿ." ನ್ಯುರ್ಗುನ್ ಅವನ ದನಿಯನ್ನೇ ಅಣಕಿಸಿ ತೋರಿಸಿದ. ಹನ್ನೊಂದು ವರ್ಷ ಕೂಡಿಟ್ಟ ಮರ್ಯಾದೆ ಒಂದು ಬಟ್ಟಲು ಸಾರು ಕುಡಿಯುವಷ್ಟರಲ್ಲಿ ಮುಗಿಯಿತು. ಗವ್ರೀಲ ಚಮಚವನ್ನು ಬಟ್ಟಲಿಗೆ ಕುಕ್ಕಿ ಎದ್ದ.

ಎರಡು ಗಂಟೆಯ ಹೊತ್ತಿಗೆ ಅಂಗಾಲು ಮತ್ತೆ ಬೆಚ್ಚಗಾಯಿತು. ಬೆಳಗಿಗಿಂತ ಒಂದಿಷ್ಟು ಜಾಸ್ತಿಯೇ. ಹಾರೆ ಎತ್ತಿದ ಕೈ ಅರ್ಧಕ್ಕೆ ನಿಂತಿತು. ತಲೆಯೆತ್ತಿದರೆ ಮೇಲಿನಿಂದ ನ್ಯುರ್ಗುನ್ ಬಾಯಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದ.

"ಹೇಗಿದೆಯೋ ಕಾಲು?" ಎಂದು ಜಖಾರ್ ಕೇಳಿದ.

"ಬೆಚ್ಚಗಿದೆ," ಎಂದ ಗವ್ರೀಲ, ಹಲ್ಲು ಕಡಿಯುತ್ತ. "ಬೂಟು ಬೆಚ್ಚಗಿದೆ, ಅಷ್ಟೆ. ಇನ್ನು ಯಾರೂ ಕೇಳಬೇಡಿ."

ಹಾರೆ ಬೀಸಿದ. ಇದು ಅತ್ತೆಗೆ. ಇದು ಯೆಫ್ರೇಮನ ಡಬ್ಬಿಗೆ. ಇದು ಗಾಜಿನ ಕೋಣೆಯ ಚಪ್ಪಲಿಯವನಿಗೆ. ಮಂಜಿನ ಚೂರು ಹಾರುತ್ತಿತ್ತು, ಅಂಗಾಲು ಇನ್ನಷ್ಟು ಬೆಚ್ಚಗಾಗುತ್ತಿತ್ತು. ಭಲೆ ದೋಮ್ನಾ, ಎಂಥ ಬೂಟು ಕೊಟ್ಟೆ ತಾಯಿ, ಎಂದುಕೊಂಡ. ಮತ್ತೆ ಹಾರೆಯನ್ನು ತಲೆಯ ಮೇಲಕ್ಕೆತ್ತಿ, ಇದು ನ್ಯುರ್ಗುನನಿಗೆ ಎಂದು ಹಾಕಿದ.

ನದಿ ಉತ್ತರ ಕೊಟ್ಟಿತು. ಮೊದಲು ಬುಳಕ್ ಎಂಬ ಸಣ್ಣ ಸದ್ದು, ಆಮೇಲೆ ಮೊಣಕಾಲೆತ್ತರದ ಕರಿನೀರು. ಈ ಸಲ ಗವ್ರೀಲ ನೀರು ನೀರು ಎಂದು ಕೂಗಿದಾಗ ಉಳಿದವರೆಲ್ಲ ಅಲ್ಲೇ ನಿಂತು ಹೊಟ್ಟೆ ಹಿಡಿದು ನಕ್ಕರು. ನೀರು ಅವರ ಬೂಟಿಗೂ ತಾಗಿದ ಮೇಲೆ ಏಣಿಗೆ ಓಡಿದರು. ಗವ್ರೀಲನನ್ನು ಕೊರಳಪಟ್ಟಿ ಹಿಡಿದು ಮೇಲೆತ್ತಿದವನು ನ್ಯುರ್ಗುನ್. ಒಂದೂವರೆ ತಿಂಗಳ ಗುಂಡಿ ಅವರ ಕಣ್ಣ ಮುಂದೆಯೇ ತುಂಬಿ, ಮೇಲೆ ಕೆನೆಗಟ್ಟಲು ಶುರುವಾಯಿತು.

ಗಾಡಿಮನೆಗೆ ಇಪ್ಪತ್ತು ಹೆಜ್ಜೆ. ಅಷ್ಟರಲ್ಲೇ ಒದ್ದೆಯುಣ್ಣೆ ಕಬ್ಬಿಣವಾಯಿತು. ಬೂಟು ಎಳೆದರೆ ಗವ್ರೀಲನೇ ಬರುತ್ತಿದ್ದ, ಬೂಟು ಬರಲಿಲ್ಲ. ಜಖಾರ್ ಗರಗಸ ತಂದು ಎರಡನ್ನೂ ಪಾದದ ಗಂಟಿನ ಮೇಲೆ ಸುತ್ತ ಕೊಯ್ದ. ಬೆಳಗ್ಗೆ ಮನೆಯಲ್ಲಿ ಮೊಟಕಾದದ್ದು ಒಂದು ಜೊತೆ, ಸಂಜೆಯೊಳಗೆ ಇನ್ನೊಂದು. ನರ್ಸು ಓಡಿಬಂದು ಕಿರುಬೆರಳಿಗೆ ಸೂಜಿ ಚುಚ್ಚಿದಳು. ಗವ್ರೀಲ ಕಿರುಚಿದ. "ಬದುಕಿದೆ," ಎಂದು ಅವಳು ಹೊರಟುಹೋದಳು.

ಆಮೇಲೆ ಜಖಾರ್ ಬಾಯಿ ಬಿಟ್ಟ.

"ನಿನ್ನನ್ನ ಅಲ್ಲಿ ನಿಲ್ಲಿಸಿದ್ದು ನಿನ್ನ ಚಂದಕ್ಕಲ್ಲ. ನಿನ್ನ ಅಂಗಾಲಿಗೆ. ನಾಳೆ ಪಕ್ಕದ ಹಡಗಿನ ಗುಂಡಿ. ಆ ಸವೆದ ಅಟ್ಟೆಯ ಹಳೇ ಬೂಟು ಹಾಕ್ಕೊಂಡು ಬಂದ್ರೆ ಪಂಖದ ಕೆಳಗೆ ನಿಲ್ಲು. ಇಲ್ಲ, ಪೊರಕೆ ತಗೊಂಡು ಹಡಗಿನ ಮೇಲೆ ಹತ್ತು. ಗಾಳಿ ಎಲ್ಲಿಂದ ಬರುತ್ತೆ ಅಂತ ನ್ಯುರ್ಗುನನ ಮೂಗು ಹೇಳಿಕೊಡುತ್ತೆ."

"ಮೇಸ್ತ್ರಿ, ಅದರ ಮೇಲ್ಭಾಗ ನಮ್ಮತ್ತೆ ಕತ್ತರಿಸಿಬಿಟ್ಟಿದ್ದಾರೆ."

"ಮೇಲ್ಭಾಗಕ್ಕೆ ಏನಾದ್ರೂ ಹೊಲಿಸ್ಕೋ, ಚಿಂದಿ ಸುತ್ಕೋ. ತಳ ಮಾತ್ರ ಮುಟ್ಟಬೇಡ." ಕೊಯ್ದ ಎರಡು ಬೂಟಿನ ಮೇಲ್ಭಾಗಗಳನ್ನು ಅವನ ಮಡಿಲಿಗೆ ಎಸೆದ. "ಇವನ್ನೂ ತಗೊಂಡು ತೊಲಗು. ಕಣ್ಣಿಗೆ ಕಂಡ್ರೆ ಒಲೆಗೆ ಹಾಕ್ತೀನಿ."

ಗಾಡಿಮನೆಯ ಎರವಲು ಬೂಟಿನಲ್ಲಿ ಕಾಲೆಳೆಯುತ್ತ ಗವ್ರೀಲ ಮನೆಗೆ ನಡೆದ. ಬೈಯುವುದಕ್ಕೆ ಹೆಸರು ಹುಡುಕಿದ. ಎಲ್ಲ ಹೆಸರೂ ತನಗೇ ಬಂದು ನಿಲ್ಲುತ್ತಿದ್ದವು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೆ? ಆದರೂ ಒಂದು ಸಮಾಧಾನವಿತ್ತು. ಹಳೆಯ ಬೂಟಿನ ತಳ ಹಾಗೇ ಇದೆ. ಚಿಂದಿ ಸುತ್ತಿಕೊಂಡಾದರೂ ನಾಳೆ ಪಂಖದ ಕೆಳಗೆ ನಿಲ್ಲಬಹುದು. ಅತ್ತೆಗೆ ಬೆಳಗ್ಗೆ ಕೂಗಾಡಿದ್ದಕ್ಕೆ ತಪ್ಪಾಯಿತು ಎನ್ನಬೇಕು. ಕತ್ತರಿಸಿದ್ದು ಮೇಲ್ಭಾಗ ಮಾತ್ರವಲ್ಲವೇ, ಪುಣ್ಯಾತ್ಗಿತ್ತಿ.

ಬಾಗಿಲು ತೆಗೆದರೆ ಅಕುಲೀನಾ ಅಲ್ಲೇ ಮುಕ್ಕಾಲಿಯ ಮೇಲೆ ಕೂತಿದ್ದಳು. ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಅವಳ ಮುಂದೆ ಅವನ ಹಳೆಯ ಬೂಟು ಮೊಣಕಾಲೆತ್ತರಕ್ಕೆ ನಿಂತಿತ್ತು. ಕೆಳಗೆ ಬೂದು, ಮೇಲೆ ಬಿಳಿ. ಬಿಳಿಯದು ಅವಳ ಸ್ವಂತ ಬೂಟಿನದು.

"ನಾನೆಲ್ಲಿ ಹೊರಗೆ ಹೋಗ್ತೀನಿ," ಎಂದಳು, ಅವನ ಮುಖ ನೋಡದೆ. "ನೀನು ಬೆಳಗ್ಗೆ ಅಂದಿದ್ದು ಸರಿ. ಮಗಳ ಗಂಡನ ಕಾಲಿಗೆ ಈ ಮನೇಲಿ ಕಿಮ್ಮತ್ತಿಲ್ಲ ಅಂತ ಆಗಬಾರದು. ತಿರುಗಿಸಿ ನೋಡು."

ಗವ್ರೀಲ ತಿರುಗಿಸಿ ನೋಡಿದ. ಸವೆದ ಅಟ್ಟೆಯ ಮೇಲೆ ಒಂದು ಪದರ, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಮೇಣ ಹಚ್ಚಿದ ದಾರದಲ್ಲಿ ಸಾಲುಸಾಲು ಹೊಲಿಗೆ. ಬಿಚ್ಚಬೇಕೆಂದರೆ ಗರಗಸವೇ ಬೇಕು.

"ಮೂರು ಪದರ," ಎಂದಳು ಅಕುಲೀನಾ. "ಮಗೂ ಬೂಟಿಂದ ಬಿಚ್ಚಿ, ಮಿಕ್ಕಿದ್ದನ್ನೂ ಸೇರಿಸಿ ಹಾಕಿದೀನಿ. ಇನ್ನು ಮಂಜಿನ ಮೇಲೆ ನಿಂತ್ರೂ ನಿನ್ನ ಅಂಗಾಲಿಗೆ ಏನೂ ಗೊತ್ತಾಗಲ್ಲ."

ಬೆಳಗಿನಿಂದ ತುಂಬಿಕೊಂಡಿದ್ದ ಸಿಟ್ಟು ಗಂಟಲವರೆಗೆ ಬಂತು. ಬಟ್ಟೆ ಸುತ್ತಿದ ಆ ಎರಡು ಬೆರಳು ಕಣ್ಣಿಗೆ ಬಿದ್ದವು. ಸಿಟ್ಟು ಬಂದ ದಾರಿಯಲ್ಲೇ ಕೆಳಗಿಳಿಯಿತು.

"ಚೆನ್ನಾಗಿದೆ ಅತ್ತೆ," ಎಂದ. ಗೊತ್ತಿಲ್ಲದೆಯೇ ಅವನ ಕೈ ಮೂಗಿನ ತುದಿಗೆ ಹೋಗಿ ಅದನ್ನು ಒಂದು ಸಲ ಸವರಿತು.

"ಮೂಗಿಗೇನಾಯ್ತು?"

"ಏನಿಲ್ಲ. ನಾಳೆಯಿಂದ ಹಡಗಿನ ಮೇಲೆ ಕೆಲಸ. ಅಲ್ಲಿ ಗಾಳಿ ಜಾಸ್ತಿ."

ಅಕುಲೀನಾ ಅವನ ಮೂಗು ನೋಡಿದಳು, ಅವನ ಕಂಕುಳಲ್ಲಿದ್ದ ಕಪ್ಪು ಉಣ್ಣೆ ನೋಡಿದಳು. ಅದನ್ನು ಎಳೆದುಕೊಂಡು ದಪ್ಪ ಎಷ್ಟಿದೆಯೆಂದು ಹೆಬ್ಬೆರಳಲ್ಲಿ ಉಜ್ಜಿದಳು. ಆಮೇಲೆ ಕತ್ತರಿ ಎತ್ತಿಕೊಂಡು ಮುಕ್ಕಾಲಿಯನ್ನು ಅವನ ಹತ್ತಿರಕ್ಕೆ ಸರಿಸಿದಳು.

"ಅಲುಗಾಡದೆ ಕೂತ್ಕೋ," ಎಂದಳು. "ಅಳತೆ ತಗೋತೀನಿ."